ಮೆಟ್ಟಿಲಿಳಿಯುವ ಹಾವು, ನೆತ್ತಿಗೆ ಬರುವ ಸೂರ್ಯ: ಮಾಯಾ ಜನ ಕಟ್ಟಡದಿಂದ ಹೊತ್ತು ಅಳೆದದ್ದು ಹೇಗೆ?

ಮಾರ್ಚ್ 20 ಹತ್ತಿರ ಬಂತು ಅಂದರೆ ಸಾಕು, ಅದೇ ವಿಡಿಯೋ ಮತ್ತೆ ಫೋನಿಗೆ ಬರುತ್ತದೆ. ಮೆಕ್ಸಿಕೋದ ಒಂದು ದೊಡ್ಡ ಕಲ್ಲಿನ ಪಿರಮಿಡ್. ಇಳಿಬಿಸಿಲು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಬೆಳಕಿನ ತ್ರಿಕೋನಗಳು ಒಂದರ ಕೆಳಗೊಂದು ಮೂಡುತ್ತವೆ. ನೋಡನೋಡುತ್ತಾ ಹಾವೊಂದು ಮೈ ಬಳುಕಿಸುತ್ತಾ ಇಳಿದ ಹಾಗೆ ಕಾಣುತ್ತದೆ. ಗೋಡೆಯ ಬುಡದಲ್ಲಿ ಬಾಯಿ ತೆರೆದ ಹಾವಿನ ತಲೆಯನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ಸುತ್ತ ಸಾವಿರಾರು ಜನ. ವಿಡಿಯೋದ ಕೆಳಗೆ ಯಾರೋ ಬರೆದಿರುತ್ತಾರೆ: ಸಾವಿರ ವರ್ಷದ ಹಿಂದೆ ಇದನ್ನು ಹೇಗೆ ಮಾಡಿದರು? ವಿಜ್ಞಾನಕ್ಕೂ ಉತ್ತರ ಗೊತ್ತಿಲ್ಲ!

ಉತ್ತರ ಗೊತ್ತಿದೆ. ಅರ್ಥ ಮಾಡಿಕೊಳ್ಳಲು ದೊಡ್ಡ ಗಣಿತವೂ ಬೇಡ. ವರ್ಷವಿಡೀ ಸೂರ್ಯ ಆಕಾಶದಲ್ಲಿ ಹೇಗೆ ಓಡಾಡುತ್ತಾನೆ ಅನ್ನುವುದು ತಿಳಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಈ ಹಾವಿಗಿಂತ ಗಟ್ಟಿಯಾದ ಸಾಕ್ಷಿಗಳು ಮಾಯಾ ಸೀಮೆಯ ಬೇರೆ ಊರುಗಳಲ್ಲಿವೆ, ಅವುಗಳ ಸುದ್ದಿ ನಮ್ಮ ತನಕ ಬರುವುದು ಕಡಿಮೆ. ಅವನ್ನು ತಿಳಿಯಲು ಕರ್ನಾಟಕದಲ್ಲಿರುವ ನಮಗೆ ಒಂದು ಅನುಕೂಲವೂ ಇದೆ. ಅದೇನು ಅಂತ ಮುಂದೆ ಹೇಳುತ್ತೇನೆ.

ಯಾರು ಈ ಮಾಯಾ ಜನ?

ಮೆಕ್ಸಿಕೋದ ಆಗ್ನೇಯ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ಗಳ ಪಶ್ಚಿಮದ ಅಂಚು. ಇಷ್ಟೂ ಸೇರಿದರೆ ಮಾಯಾ ಸೀಮೆ. ಅಲ್ಲಿ ಎಲ್ಲರಿಗೂ ಒಬ್ಬನೇ ಚಕ್ರವರ್ತಿ ಅಂತ ಇರಲಿಲ್ಲ. ಟಿಕಾಲ್, ಪಲೆಂಕೆ, ಕೋಪಾನ್ ಹೀಗೆ ಹತ್ತಾರು ಪಟ್ಟಣಗಳು, ಒಂದೊಂದಕ್ಕೂ ಅದರದ್ದೇ ರಾಜ, ಅದರದ್ದೇ ಜಗಳ. ಕ್ರಿ.ಶ. 250ರಿಂದ 900ರ ತನಕ ಇವು ಮೆರೆದ ಕಾಲ. ಅದರ ಕೊನೆಯ ಭಾಗದಲ್ಲಿ ನಮ್ಮಲ್ಲಿ ಬಾದಾಮಿ ಚಾಲುಕ್ಯರು, ಆಮೇಲೆ ರಾಷ್ಟ್ರಕೂಟರು ಆಳುತ್ತಿದ್ದರು. ದಕ್ಷಿಣದ ಪಟ್ಟಣಗಳು ಸೊರಗುತ್ತಿದ್ದ ಹೊತ್ತಿಗೆ ಉತ್ತರದ ಯುಕಟಾನ್ ಬಯಲಿನಲ್ಲಿ ಚಿಚೆನ್ ಇಟ್ಸಾ ಬೆಳೆಯಿತು. ವಿಡಿಯೋದಲ್ಲಿರುವ ಪಿರಮಿಡ್ ಅಲ್ಲಿಯದು.

ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಈ ಗೊಂದಲ ತುಂಬ ಹರಡಿದೆ. ಮಾಯಾ ಅನ್ನುವ ಈ ಹೆಸರಿಗೂ ನಮ್ಮ ಪುರಾಣದ ಶಿಲ್ಪಿ ಮಯನಿಗೂ ಸಂಬಂಧ ಇಲ್ಲ. ಕೇಳಲು ಒಂದೇ ಥರ ಇದೆ, ಅಷ್ಟೇ.

ಅವರ ಮಾತಿನಲ್ಲಿ ‘ಕಿನ್’ ಅಂದರೆ ಸೂರ್ಯ. ದಿನಕ್ಕೂ ‘ಕಿನ್’ ಅಂತಲೇ ಹೆಸರು. ಕನ್ನಡದವರಿಗೆ ಇದು ಹೊಸದಲ್ಲ. ‘ಹೊತ್ತು ಮುಳುಗಿತು’ ಅನ್ನುವಾಗ ಹೊತ್ತು ಅಂದರೆ ಸೂರ್ಯ, ‘ಹೊತ್ತಾಯಿತು, ಹೊರಡೋಣ’ ಅನ್ನುವಾಗ ಅದೇ ಹೊತ್ತು ಕಾಲ. ಸೂರ್ಯನನ್ನು ನೋಡಿಯೇ ಕಾಲ ತಿಳಿಯುತ್ತಿದ್ದ ಜನರ ಬಾಯಲ್ಲಿ ಎರಡಕ್ಕೂ ಒಂದೇ ಮಾತು ಸಾಕಾಗಿತ್ತು.

ಸೂರ್ಯ ದಿನಾ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಸರಿಯಾಗಿ ಪೂರ್ವದಲ್ಲೇ ಹುಟ್ಟುವುದು ವರ್ಷಕ್ಕೆ ಎರಡೇ ಸಲ: ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸು. ಆ ದಿನಗಳಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಇದಕ್ಕೆ ವಿಷುವ ಅನ್ನುತ್ತಾರೆ. ಮಾರ್ಚ್ ಆದ ಮೇಲೆ ಸೂರ್ಯ ಹುಟ್ಟುವ ಜಾಗ ದಿನದಿನಕ್ಕೆ ಎಡಕ್ಕೆ, ಅಂದರೆ ಉತ್ತರಕ್ಕೆ ಸರಿಯುತ್ತದೆ. ಜೂನ್ 21ರ ಹೊತ್ತಿಗೆ ಉತ್ತರದ ಕೊನೆ ಮುಟ್ಟಿ ವಾಪಸ್ ತಿರುಗುತ್ತದೆ. ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣದ ಕೊನೆ. ಈ ಎರಡೂ ಅಯನ ತಿರುಗುವ ದಿನಗಳು. ಇಷ್ಟಕ್ಕೆಲ್ಲ ಕಾರಣ ಒಂದೇ: ಭೂಮಿ ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿ ತಿರುಗುತ್ತಿದೆ.

ಇದನ್ನು ಯಾರು ಬೇಕಾದರೂ ನೋಡಬಹುದು. ತಾರಸಿಯ ಒಂದೇ ಮೂಲೆಯಲ್ಲಿ ನಿಂತು ತಿಂಗಳಿಗೆ ಎರಡು ಸಲ ಸೂರ್ಯೋದಯ ನೋಡಿ. ಡಿಸೆಂಬರಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಹುಟ್ಟಿದವನು ಜೂನ್ ಹೊತ್ತಿಗೆ ಎಷ್ಟೋ ಆಚೆ, ಯಾರದೋ ತೆಂಗಿನ ಮರದ ಹಿಂದೆ ಹುಟ್ಟುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ ಮುಚ್ಚುತ್ತದೆ. ಮಾಯಾ ಸೀಮೆಯಲ್ಲೂ ನಮ್ಮಲ್ಲೂ ಸೂರ್ಯನ ಈ ಓಡಾಟ ಸುಮಾರು ಐದು ಮುಷ್ಟಿ ಅಗಲ.

ಓಟದ ವೇಗ ಮಾತ್ರ ಒಂದೇ ಸಮ ಇರುವುದಿಲ್ಲ. ಮಾರ್ಚ್, ಸೆಪ್ಟೆಂಬರಿನಲ್ಲಿ ದಿನಕ್ಕೆ ತನ್ನ ಬಿಂಬದ ಮುಕ್ಕಾಲು ಪಾಲಿನಷ್ಟು ಸರಿಯುತ್ತಾನೆ. ಜೂನ್, ಡಿಸೆಂಬರಿನ ಕೊನೆಗಳಲ್ಲಿ ವಾರಗಟ್ಟಲೆ ನಿಂತೇ ಬಿಟ್ಟ ಹಾಗೆ ಕಾಣುತ್ತದೆ, ಉಯ್ಯಾಲೆ ತುದಿಗೆ ಹೋಗಿ ಒಂದು ಗಳಿಗೆ ನಿಂತು ವಾಪಸ್ ಬರುತ್ತದಲ್ಲ, ಹಾಗೆ.

ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎರಡು ಕೊನೆಗಳನ್ನು ಬಿಟ್ಟರೆ ನಡುವಿನ ಯಾವ ಜಾಗವನ್ನೇ ಗುರುತು ಮಾಡಿ, ಸೂರ್ಯ ಅದನ್ನು ವರ್ಷಕ್ಕೆ ಎರಡು ಸಲ ದಾಟುತ್ತಾನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ನಡುವೆ ಹಾದ ಬಿಸಿಲು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಸೂರ್ಯ ಆಕಾಶದ ಅದೇ ಜಾಗಕ್ಕೆ ನವೆಂಬರಿನ ಕೊನೆಯಲ್ಲೂ ಒಂದು ಸಲ ಬಂದು ಹೋಗಿರುತ್ತಾನೆ.

ನೆತ್ತಿಯ ಸೂರ್ಯ: ನಮಗೆ ಗೊತ್ತು, ಯುರೋಪಿಗೆ ಗೊತ್ತಿಲ್ಲ

ಮೊದಲೇ ಹೇಳಿದ ಅನುಕೂಲ ಇದು. ಗ್ವಾಟೆಮಾಲಾದ ವಾಶಕ್ತೂನ್ ಅನ್ನುವ ಹಳೇ ಮಾಯಾ ಊರು ಇರುವುದು ನಮ್ಮ ಕಲಬುರಗಿಯ ಅಕ್ಷಾಂಶದಲ್ಲೇ. ಹೊಂಡುರಾಸಿನ ಕೋಪಾನ್ ಮತ್ತು ನಮ್ಮ ಕಾರವಾರ, ಎರಡೂ ಸಮಭಾಜಕದಿಂದ ಸುಮಾರು 14.8 ಡಿಗ್ರಿ ಉತ್ತರಕ್ಕಿವೆ. ಭೂಮಿಯ ಆ ಕಡೆ ಒಂದು, ಈ ಕಡೆ ಒಂದು. ಆದರೂ ಎರಡೂ ಊರಿನ ಮೇಲೆ ಸೂರ್ಯ ಹಾದು ಹೋಗುವ ದಾರಿ ಒಂದೇ.

ಈ ಅಕ್ಷಾಂಶಗಳಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಬರುವ ಶೂನ್ಯ ನೆರಳಿನ ದಿನ ಅಂದರೆ ಇದೇ. ಒಂದು ವರ್ಷ ಏಪ್ರಿಲಿನಲ್ಲಿ ನಾನು ತಾರಸಿಯ ಮೇಲೆ ಬಿಳಿ ಹಾಳೆ ಹಾಸಿ, ಟಾರ್ಚಿನ ದಪ್ಪ ಸೆಲ್ಲೊಂದನ್ನು ನಿಲ್ಲಿಸಿ ಕೂತಿದ್ದೆ. ಹನ್ನೊಂದೂವರೆಗೆ ಹೆಬ್ಬೆರಳಿನ ಗಿಣ್ಣಿನಷ್ಟಗಲ ನೆರಳಿತ್ತು. ಹನ್ನೆರಡಕ್ಕೆ ಅದು ಉಗುರಿನ ಅಂಚಿನಷ್ಟಾಯಿತು. ಹನ್ನೆರಡು ಗಂಟೆ ಹದಿನೇಳು ನಿಮಿಷದ ಹೊತ್ತಿಗೆ ಹುಡುಕಿದರೂ ಇಲ್ಲ, ಸೆಲ್ಲು ಹಾಳೆಗೆ ಅಂಟಿಸಿದ ಚಿತ್ರದ ಹಾಗೆ ಕಂಡಿತು. ಐದಾರು ನಿಮಿಷ ಕಳೆಯುವಷ್ಟರಲ್ಲಿ ಪೂರ್ವದ ಕಡೆ ಕೂದಲೆಳೆಯಷ್ಟು ಕಪ್ಪು ಗೆರೆ ಹೊರಟಿತು. ಸುಮ್ನೆ ಒಂದು ಸೆಲ್ಲು, ಒಂದು ಹಾಳೆ. ಆದರೂ ಆ ದಿನ ಮೈ ಜುಮ್ಮೆಂದದ್ದು ಇನ್ನೂ ನೆನಪಿದೆ.

ದೆಹಲಿಯಲ್ಲಿ ಇದು ಯಾವತ್ತೂ ಆಗುವುದಿಲ್ಲ. ಯುರೋಪಿನಲ್ಲಂತೂ ಇಲ್ಲವೇ ಇಲ್ಲ. ಮಾಯಾ ಕಟ್ಟಡಗಳನ್ನು ಮೊದಲು ಅಳೆಯಲು ಹೋದ ವಿದ್ವಾಂಸರು ವಿಷುವ ಎಲ್ಲಿ, ಅಯನ ಎಲ್ಲಿ ಅಂತ ಮಾತ್ರ ಹುಡುಕಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅನ್ನಿಸುತ್ತದೆ. ಅವರ ಊರಿನ ಸೂರ್ಯನಿಗೆ ಇನ್ನೊಂದು ದೊಡ್ಡ ದಿನವೇ ಇರಲಿಲ್ಲ. ಮಾಯಾ ಜನರಿಗೆ ಇತ್ತು.

ಅವರಿಗೆ ಆ ದಿನ ಯಾಕೆ ಮುಖ್ಯ? ಮುಸುಕಿನ ಜೋಳಕ್ಕಾಗಿ. ಆ ಬೆಳೆಯ ತವರು ಮೆಕ್ಸಿಕೋದ ನೈಋತ್ಯ ಭಾಗ, ಮಾಯಾ ಜನರ ಅನ್ನವೇ ಅದು. ಅಲ್ಲಿ ಕಾಡು ಕಡಿದು, ಒಣಗಿಸಿ, ಬೇಸಿಗೆಯ ಕೊನೆಗೆ ಸುಟ್ಟು, ಮೊದಲ ಮಳೆಗೆ ಬಿತ್ತುತ್ತಾರೆ. ತಡವಾಗಿ ಸುಟ್ಟರೆ ಒದ್ದೆಯಾಗಿ ಉರಿಯುವುದಿಲ್ಲ, ಬೇಗ ಬಿತ್ತಿದರೆ ಬೀಜ ಒಣಗುತ್ತದೆ. ಮಳೆ ಶುರುವಾಗುವುದು ಮೇ ತಿಂಗಳ ಸುಮಾರಿಗೆ, ಸೂರ್ಯ ಮೊದಲ ಸಲ ನೆತ್ತಿಗೆ ಬರುವ ಕಾಲಕ್ಕೇ. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೂ ಸೂರ್ಯನದೇ ಅಲ್ವಾ? ಭರಣಿ ಮಳೆ ಅಂದರೆ ಸೂರ್ಯ ಭರಣಿ ನಕ್ಷತ್ರದಲ್ಲಿರುವ ದಿನಗಳ ಮಳೆ, ಏಪ್ರಿಲ್ ಕೊನೆಯಿಂದ ಸುಮಾರು ಎರಡು ವಾರ. ಕಾರವಾರದಲ್ಲಿ ನೆರಳು ಮಾಯವಾಗುವುದೂ ಅದೇ ದಿನಗಳಲ್ಲಿ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತನ್ನು ಕೋಪಾನಿನ ರೈತನಿಗೆ ಹೇಳಿದ್ದರೆ ಅವನಿಗೆ ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಕಟ್ಟಡವೇ ಗುರುತು: ವಾಶಕ್ತೂನ್

ಸೂರ್ಯ ಹುಟ್ಟುವ ಜಾಗವನ್ನು ಗುರುತಿಡಲು ಎರಡು ಬಿಂದು ಬೇಕು. ನಾವು ನಿಲ್ಲುವ ಜಾಗ ಒಂದು, ದೂರದಲ್ಲಿ ಕಾಣುವ ಗುರುತು ಇನ್ನೊಂದು. ಬೆಟ್ಟ ಇರುವ ಊರಾದರೆ ಬೆಟ್ಟದ ತುದಿಯೇ ಗುರುತು. ಆದರೆ ಮಾಯಾ ಸೀಮೆಯ ಬಹುಪಾಲು ಕಾಡು ತುಂಬಿದ ಚಪ್ಪಟೆ ನೆಲ. ಅಲ್ಲಿ ಎರಡೂ ಬಿಂದುಗಳನ್ನು ತಾವೇ ಕಟ್ಟಿಕೊಂಡರು.

ವಾಶಕ್ತೂನ್‌ನಲ್ಲಿ ಒಂದು ಚೌಕದ ಪಶ್ಚಿಮಕ್ಕೆ ಪಿರಮಿಡ್ ಇದೆ. ಎದುರಿಗೆ, ಪೂರ್ವದಲ್ಲಿ, ಉದ್ದನೆಯ ಜಗಲಿ. ಜಗಲಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಮೂರು ಗುಡಿ. 1924ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಫ್ರಾನ್ಸ್ ಬ್ಲೋಮ್ ಇಲ್ಲಿಯ ಅಳತೆ ತೆಗೆದರು. ಪಿರಮಿಡ್ಡಿನ ಮೆಟ್ಟಿಲ ಮೇಲೆ ನಿಂತು ನೋಡಿದರೆ ಜೂನ್ ಅಯನದ ಸೂರ್ಯ ಉತ್ತರದ ಗುಡಿಯ ಬಳಿ, ಡಿಸೆಂಬರಿನದು ದಕ್ಷಿಣದ ಗುಡಿಯ ಬಳಿ, ವಿಷುವದ ದಿನ ನಡುವಿನ ಗುಡಿಯ ಹಿಂದೆ ಹುಟ್ಟುತ್ತಾನೆ ಅನ್ನುವುದು ಅವರು ಕಂಡದ್ದು. ಇಡೀ ವರ್ಷವನ್ನು ಒಂದು ಜಗಲಿಯ ಮೇಲೆ ಹರಡಿ ಇಟ್ಟ ಹಾಗೆ. ವಾಶಕ್ತೂನ್ ನಕ್ಷೆಯಲ್ಲಿ ಈ ಚೌಕಕ್ಕೆ ‘ಇ’ ಅಂತ ಅಕ್ಷರ ಕೊಟ್ಟಿದ್ದರು. ಇಂಥ ಜೋಡಿ ಕಟ್ಟಡಗಳಿಗೆಲ್ಲ ‘ಇ-ಗುಂಪು’ ಅನ್ನುವ ಹೆಸರೇ ನಿಂತುಬಿಟ್ಟಿತು.

ಆಮೇಲೆ ಕಾಡಿನಲ್ಲಿ ಇಂಥ ಗುಂಪುಗಳು ಇನ್ನೂ ಎಷ್ಟೋ ಸಿಕ್ಕವು. ಅಲ್ಲೇ ಕಥೆ ಸ್ವಲ್ಪ ತಿರುಗಿತು. ಬಹಳಷ್ಟು ಕಡೆ ಅಳತೆ ಅಯನಕ್ಕೂ ಹೊಂದಲಿಲ್ಲ, ವಿಷುವಕ್ಕೂ ಹೊಂದಲಿಲ್ಲ. ಹಾಗಾದರೆ ಸುಮ್ನೆ ಅನುಕರಣೆ ಮಾಡಿ ಕಟ್ಟಿದರಾ? ಕೆಲವರು ಹಾಗೇ ಅಂದುಕೊಂಡರು. ಸೂರ್ಯ ಆ ಗುರುತಿಗೆ ಬರುವ ಎರಡು ದಿನಗಳ ನಡುವಿನ ಅಂತರ ಎಣಿಸಿದಾಗ ಬೇರೆಯೇ ಚಿತ್ರ ಹೊರಬಿತ್ತು. ಆ ಅಂತರ ಹಲವು ಕಡೆ 13ರ ಅಥವಾ 20ರ ಗುಣಕ. ಈ ಎರಡು ಸಂಖ್ಯೆಗಳೇ ಯಾಕೆ ಅನ್ನುವುದು ತಿಳಿಯಬೇಕಾದರೆ ಅವರ ಪಂಚಾಂಗ ನೋಡಬೇಕು.

260 ದಿನದ ಸುತ್ತು

ಮಾಯಾ ಜನರಿಗೆ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತಿತ್ತು. ಮೊದಲನೆಯದು ‘ಹಾಬ್’: 20 ದಿನದ 18 ತಿಂಗಳು, ಕೊನೆಗೆ 5 ದಿನ, ಒಟ್ಟು 365. ಎರಡನೆಯದಕ್ಕೆ ಈಗ ‘ತ್ಸೋಲ್ಕಿನ್’ ಅನ್ನುತ್ತಾರೆ. ಅದರಲ್ಲಿ ದಿನಗಳಿಗೆ 20 ಹೆಸರು, ಜೊತೆಗೆ 1ರಿಂದ 13ರ ತನಕ ಸಂಖ್ಯೆ. ಎರಡೂ ಬೇರೆಬೇರೆಯಾಗಿ ಸುತ್ತುತ್ತಿರುತ್ತವೆ. ನಮ್ಮಲ್ಲಿ ಏಳು ವಾರ ಒಂದು ಕಡೆ ಸುತ್ತುತ್ತದೆ, 27 ನಕ್ಷತ್ರ ಇನ್ನೊಂದು ಕಡೆ ಸುತ್ತುತ್ತದೆ, ‘ಸೋಮವಾರ, ರೋಹಿಣಿ’ ಅಂತ ಎರಡನ್ನೂ ಸೇರಿಸಿ ಹೇಳುತ್ತೇವಲ್ಲ, ಆ ಥರ. ಒಮ್ಮೆ ಬಂದ ಸಂಖ್ಯೆ ಮತ್ತು ಹೆಸರಿನ ಜೋಡಿ ಮತ್ತೆ ಬರಲು 13 ಗುಣಿಸು 20, ಅಂದರೆ 260 ದಿನ ಬೇಕು.

ಎರಡೂ ಲೆಕ್ಕ ಸೇರಿ ಮತ್ತೆ ಶುರುವಿನ ಜಾಗಕ್ಕೆ ಬರಲು 52 ವರ್ಷ. ನಮ್ಮ 60 ಸಂವತ್ಸರದ ಚಕ್ರ ಮತ್ತೆ ಪ್ರಭವಕ್ಕೆ ಬರುತ್ತದಲ್ಲ, ಹಾಗೆ.

ಈಗ ಹಿಂದೆ ಹೇಳಿದ್ದು ನೆನಪಿಸಿಕೊಳ್ಳಿ: ಒಂದು ಗುರುತನ್ನು ಸೂರ್ಯ ವರ್ಷಕ್ಕೆ ಎರಡು ಸಲ ದಾಟುತ್ತಾನೆ. ಗುರುತಿನ ಜಾಗ ಸ್ವಲ್ಪ ಆಚೀಚೆ ಮಾಡಿದರೆ ಆ ಎರಡು ದಿನಗಳ ಅಂತರ ಬದಲಾಗುತ್ತದೆ. ಫೆಬ್ರವರಿ 11ರ ಸೂರ್ಯೋದಯಕ್ಕೆ ಹೊಂದುವ ಹಾಗೆ ಕಟ್ಟಿದರೆ ಅದೇ ಗುರುತಿನ ಮೇಲೆ ಸೂರ್ಯ ಮತ್ತೆ ಬರುವುದು ಅಕ್ಟೋಬರ್ 29ಕ್ಕೆ. ಎಣಿಸಿ ನೋಡಿ, ನಡುವೆ ಸರಿಯಾಗಿ 260 ದಿನ. ಅಂದರೆ ಫೆಬ್ರವರಿಯಲ್ಲಿ ಆ ಸೂರ್ಯ ಹುಟ್ಟಿದ ದಿನದ ಹೆಸರು ‘3 ಅಹಾವ್’ ಆಗಿದ್ದರೆ ಅಕ್ಟೋಬರಿನ ದಿನದ ಹೆಸರೂ ‘3 ಅಹಾವ್’. ಮೋಡ ಕವಿದು ಸೂರ್ಯ ಕಾಣದಿದ್ದರೂ ದಿನದ ಹೆಸರು ನೋಡಿ, ಇವತ್ತು ಸೂರ್ಯ ಅಲ್ಲೇ ಇದ್ದಾನೆ ಅನ್ನಬಹುದು. ಅಂತರ 20ರ ಗುಣಕವಾದರೆ ಹೆಸರು ಅದೇ ಬರುತ್ತದೆ, 13ರ ಗುಣಕವಾದರೆ ಸಂಖ್ಯೆ ಅದೇ ಬರುತ್ತದೆ. ನನಗೆ ಹಾವಿಗಿಂತ ಇದು ಜಾಸ್ತಿ ಬೆರಗು ಹುಟ್ಟಿಸುತ್ತದೆ. ಕಲ್ಲು ಜೋಡಿಸುವಾಗಲೇ ಪಂಚಾಂಗವನ್ನೂ ಅದರೊಳಗೆ ಜೋಡಿಸಿದ್ದಾರೆ.

ಪಂಚಾಂಗ ಇದ್ದ ಮೇಲೆ ಕಟ್ಟಡ ಯಾಕೆ ಬೇಕು ಅಂತ ಕೇಳಬಹುದು. 365 ದಿನದ ಲೆಕ್ಕ ಜಾರುತ್ತದೆ, ಅದಕ್ಕೆ. ನಿಜವಾದ ವರ್ಷ 365 ದಿನಕ್ಕಿಂತ ಸುಮಾರು ಕಾಲು ದಿನ ಜಾಸ್ತಿ. ನಾವು ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಸೇರಿಸಿ ಸರಿ ಮಾಡುತ್ತೇವೆ. ಹಾಬ್ ಲೆಕ್ಕದಲ್ಲಿ ಅಂಥ ದಿನ ಇರಲಿಲ್ಲ. ನೂರು ವರ್ಷದಲ್ಲಿ ಸುಮಾರು 24 ದಿನ ಹಿಂದು ಮುಂದಾಗುತ್ತದೆ. ಆ ತಿಂಗಳ ಹೆಸರು ನಂಬಿ ಬಿತ್ತಿದರೆ ಮೊಮ್ಮಕ್ಕಳ ಕಾಲಕ್ಕೆ ಬೆಳೆ ಕೈ ತಪ್ಪುತ್ತದೆ. ಕಲ್ಲಿನ ಗುಡಿ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಹಿಂದೆ ಸೂರ್ಯ ಹುಟ್ಟುವ ಕಾಲವೂ ಬದಲಾಗುವುದಿಲ್ಲ.

260 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ತಾಯಿ ಮಗುವನ್ನು ಹೊರುವ ಒಂಬತ್ತು ತಿಂಗಳು ಅನ್ನುವುದು ಒಂದು. ಇನ್ನೊಂದು ಸೂರ್ಯನದೇ: ಕೋಪಾನಿನ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ 30 ಮತ್ತು ಆಗಸ್ಟ್ 13ರ ಸುಮಾರಿಗೆ. ಈ ನಡುವೆ 105 ದಿನ ಸೂರ್ಯ ನೆತ್ತಿಯ ಉತ್ತರಕ್ಕೆ, ಉಳಿದ 260 ದಿನ ದಕ್ಷಿಣಕ್ಕೆ.

ಇದೇ 105 ದಿನದ ಲೆಕ್ಕ ಮೆಕ್ಸಿಕೋದ ಷೋಚಿಕಾಲ್ಕೋದಲ್ಲಿ ಕಣ್ಣಿಗೇ ಕಾಣುತ್ತದೆ. ಆ ಊರು ಮಾಯಾ ಜನರದ್ದಲ್ಲ, ಅವರ ನೆರೆಯವರದು. ಅಲ್ಲೊಂದು ಗುಹೆಯಿದೆ. ಅದರ ಮಾಡಿನಲ್ಲಿ ಬಾವಿಯ ಹಾಗೆ ನೇರವಾಗಿ ಕೊರೆದ ಕಿಂಡಿ ಇದೆ. ವರ್ಷದಲ್ಲಿ 105 ದಿನ ಮಾತ್ರ, ಏಪ್ರಿಲ್ 30ರಿಂದ ಆಗಸ್ಟ್ 13ರ ತನಕ, ನಡುಹಗಲಿನ ಬಿಸಿಲು ಒಳಗೆ ಇಣುಕುತ್ತದೆ. ಸೂರ್ಯ ನೆತ್ತಿಗೆ ಬಂದ ದಿನ ಅದೇ ಬಿಸಿಲು ಕತ್ತಲ ಗುಹೆಯ ನೆಲಕ್ಕೆ ಬೆಳಕಿನ ಕಂಬ ನೆಟ್ಟ ಹಾಗೆ ನೇರವಾಗಿ ಬೀಳುತ್ತದೆ.

ಕಾಡಿನಡಿಯಿಂದ ಬಂದ ಹೊಸ ಸುದ್ದಿ

ಇದೆಲ್ಲ ಎಷ್ಟು ಹಳೆಯದು? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ತೀರ ಇತ್ತೀಚೆಗೆ. ವಿಮಾನದಿಂದ ನೆಲಕ್ಕೆ ಲೇಸರ್ ಬೆಳಕು ಬಿಟ್ಟು, ಎಲೆಗಳ ಸಂದಿನಿಂದ ನೆಲ ಮುಟ್ಟಿ ವಾಪಸ್ ಬಂದ ಬೆಳಕನ್ನು ಅಳೆಯುವ ಲೈಡಾರ್ ಅನ್ನುವ ವಿಧಾನ ಇದೆ. ಅದರಿಂದ ಮರಗಳನ್ನು ಕಡಿಯದೆ, ಕಾಡಿನಡಿಯ ನೆಲದ ಉಬ್ಬುತಗ್ಗು ಮಾತ್ರ ನೋಡಬಹುದು. 2020ರಲ್ಲಿ ತಾಕೇಶಿ ಇನೊಮಾಟ ಅವರ ತಂಡ ಮೆಕ್ಸಿಕೋದ ತಬಾಸ್ಕೋ ರಾಜ್ಯದಲ್ಲಿ ಅಗ್ವಾದಾ ಫೆನಿಕ್ಸ್ ಅನ್ನುವ ಜಾಗದ ವಿವರ ಪ್ರಕಟಿಸಿತು. ಅಲ್ಲಿ ಮಣ್ಣು ತುಂಬಿ ಎತ್ತರಿಸಿದ ಒಂದು ಜಗಲಿ ಇದೆ. ಉದ್ದ 1400 ಮೀಟರ್, ಅಗಲ ಸುಮಾರು 400 ಮೀಟರ್, ಎತ್ತರ 10ರಿಂದ 15 ಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಕಾಲು ಗಂಟೆಗಿಂತ ಜಾಸ್ತಿ ಬೇಕು. ತೀರ ದೊಡ್ಡದಾದ್ದರಿಂದಲೇ ಹತ್ತಿರದಿಂದ ನೋಡಿದವರಿಗೆ ಅದು ಸಹಜ ದಿಬ್ಬದ ಹಾಗೆ ಕಾಣುತ್ತಿತ್ತು. ಕಟ್ಟಿದ್ದು ಕ್ರಿ.ಪೂ. 1000ದಿಂದ 800ರ ನಡುವೆ. ಅದರ ನಡುವೆ ಒಂದು ಇ-ಗುಂಪು.

2023ರಲ್ಲಿ ಇವಾನ್ ಶ್ಪ್ರಾಯ್ಟ್ಸ್, ಇನೊಮಾಟ ಮತ್ತು ಆಂಥನಿ ಅವೇನಿ ಸೇರಿ ಆ ಸೀಮೆಯ 415 ಇಂಥ ಕಟ್ಟಡ ಸಮೂಹಗಳ ದಿಕ್ಕನ್ನು ಲೈಡಾರ್ ನಕ್ಷೆಯಿಂದ ಅಳೆದು ನೋಡಿದರು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಜೋಡಿ ದಿನಗಳು ಯಾವುವು ಗೊತ್ತಾ? ಫೆಬ್ರವರಿ 11 ಮತ್ತು ಅಕ್ಟೋಬರ್ 29. ಅಂದರೆ ಬರವಣಿಗೆಯಲ್ಲಿ ಆ ಪಂಚಾಂಗದ ಗುರುತು ಸಿಗುವುದಕ್ಕಿಂತ ನೂರಾರು ವರ್ಷ ಮೊದಲೇ, ಸುಮಾರು 3000 ವರ್ಷದ ಹಿಂದೆ, ಅವರು 260 ದಿನ ಎಣಿಸುತ್ತಿದ್ದರು, ಅದಕ್ಕೆ ತಕ್ಕ ಹಾಗೆ ನೆಲವನ್ನೇ ಕಟ್ಟುತ್ತಿದ್ದರು.

ಸರಿ, ಆ ಹಾವು?

ಚಿಚೆನ್ ಇಟ್ಸಾದ ಪಿರಮಿಡ್ಡಿಗೆ ಸ್ಪೇನಿನವರು ಇಟ್ಟ ಹೆಸರು ಎಲ್ ಕಸ್ತಿಯೋ, ಅಂದರೆ ಕೋಟೆ. ನಿಜದಲ್ಲಿ ಅದು ರೆಕ್ಕೆಪುಕ್ಕದ ಹಾವಿನ ರೂಪದ ದೇವರಾದ ಕುಕುಲ್ಕಾನ್‌ನ ಗುಡಿ. ತಳದ ಒಂದು ಬದಿ ಸುಮಾರು 55 ಮೀಟರ್, ಮೇಲಿನ ಗುಡಿಯೂ ಸೇರಿ ಎತ್ತರ ಸುಮಾರು 30 ಮೀಟರ್. ಒಂಬತ್ತು ಅಂತಸ್ತು. ನಾಲ್ಕೂ ಬದಿಗೆ ಮೆಟ್ಟಿಲು, ಒಂದೊಂದು ಬದಿಗೆ 91 ಅಂತ ಲೆಕ್ಕ. ನಾಲ್ಕು ಸೇರಿ 364, ಮೇಲಿನ ಕಟ್ಟೆಯೊಂದು ಸೇರಿದರೆ 365. ನಡುವೆ ಮೆಟ್ಟಿಲು ಬಂದಿರುವುದರಿಂದ ಪ್ರತಿ ಬದಿಯ ಒಂಬತ್ತು ಅಂತಸ್ತು ಎರಡು ಭಾಗವಾಗಿ 18 ಆಗುತ್ತದೆ, ಹಾಬ್‌ನ ತಿಂಗಳುಗಳಷ್ಟು.

ನೆರಳಿನ ಆಟ ಆಗುವುದು ಹೀಗೆ. ಈ ಪಿರಮಿಡ್ ನೇರ ಉತ್ತರಕ್ಕೆ ಮುಖ ಮಾಡಿಲ್ಲ, ಗಡಿಯಾರದ ಮುಳ್ಳು ತಿರುಗುವ ಕಡೆಗೆ 22 ಡಿಗ್ರಿಯಷ್ಟು ತಿರುಗಿ ಕೂತಿದೆ. ವಿಷುವದ ಸಂಜೆ ಸೂರ್ಯ ಪಶ್ಚಿಮದಲ್ಲಿ ಕೆಳಗಿಳಿದಾಗ ಉತ್ತರದ ಮುಖ ಪೂರ್ತಿ ನೆರಳಿಗೆ ಹೋಗುತ್ತದೆ. ಆ ಮುಖದ ಮೆಟ್ಟಿಲ ಎರಡೂ ಪಕ್ಕಕ್ಕೆ ಇಳಿಜಾರು ಗೋಡೆ ಇದೆ. ಅದರಲ್ಲಿ ಒಂದು ಗೋಡೆಯ ಪಶ್ಚಿಮದ ಮೈಗೆ ಮಾತ್ರ ಇನ್ನೂ ಬಿಸಿಲು ತಾಗುತ್ತಿರುತ್ತದೆ. ಆದರೆ ಆ ಬಿಸಿಲು ಅಲ್ಲಿಗೆ ಬರಬೇಕಾದರೆ ಪಿರಮಿಡ್ಡಿನ ವಾಯವ್ಯ ಮೂಲೆಯನ್ನು ದಾಟಬೇಕು. ಮೂಲೆ ಮೆಟ್ಟಿಲು ಮೆಟ್ಟಿಲಾಗಿದೆ, ಹಾಗಾಗಿ ಅದರ ನೆರಳೂ ಗರಗಸದ ಹಲ್ಲಿನ ಹಾಗೆ ಬೀಳುತ್ತದೆ. ಹಲ್ಲಿನ ನಡುವೆ ಉಳಿದ ಬೆಳಕೇ ಆ ಏಳು ತ್ರಿಕೋನಗಳು. ಮೇಜಿನ ಮೇಲೆ ಪುಸ್ತಕಗಳನ್ನು ಮೆಟ್ಟಿಲಿನ ಹಾಗೆ ಪೇರಿಸಿ, ಪಕ್ಕದಲ್ಲಿ ಒಂದು ರಟ್ಟು ನಿಲ್ಲಿಸಿ, ಓರೆಯಿಂದ ಟಾರ್ಚ್ ಬಿಟ್ಟರೆ ಮನೆಯಲ್ಲೇ ಇದನ್ನು ನೋಡಬಹುದು.

ಬೇಕೆಂದೇ ಹೀಗೆ ಕಟ್ಟಿದರಾ? ಇಲ್ಲಿ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಕೆಳಗೆ ಹಾವಿನ ತಲೆ ಇರುವುದರಿಂದ ಬೇಕೆಂದೇ ಇರಬೇಕು ಅನ್ನುವವರು ಇದ್ದಾರೆ. ಅನುಮಾನಕ್ಕೂ ಕಾರಣಗಳಿವೆ. ಈ ನೆರಳು ವಿಷುವದ ಒಂದೇ ದಿನ ಬೀಳುವುದಲ್ಲ, ಹಿಂದು ಮುಂದಿನ ಹಲವು ದಿನ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಹಾಗಾಗಿ ದಿನ ಹಿಡಿಯಲು ಇದು ಒಳ್ಳೆಯ ಸಾಧನವಲ್ಲ. ನಾವು ಈಗ ನೋಡುವ ಅಂಚುಗಳು 1920 ಮತ್ತು 30ರ ದಶಕಗಳಲ್ಲಿ ಮತ್ತೆ ಕಟ್ಟಿದವು, ಜನ ಇದನ್ನು ನೋಡಲು ಸೇರತೊಡಗಿದ್ದೂ ಅದಾದ ಮೇಲೆ.

ನನ್ನ ಕಣ್ಣಿಗೆ ಬೀಳುವುದು ಬೇರೆ. ಆ 22 ಡಿಗ್ರಿ ತಿರುವಿನಿಂದ ಪಿರಮಿಡ್ಡಿನ ಪಶ್ಚಿಮದ ಮುಖ ಯಾವ ಕಡೆ ನೋಡುತ್ತಿದೆ ಅಂತ ಲೆಕ್ಕ ಹಾಕಿದರೆ, ಅಲ್ಲಿ ಸೂರ್ಯ ಮುಳುಗುವುದು ಮೇ ಕೊನೆಯ ಭಾಗದಲ್ಲಿ, ಮತ್ತೆ ಜುಲೈ ತಿಂಗಳ ನಡುವಿನ ನಂತರ. ಚಿಚೆನ್ ಇಟ್ಸಾದಲ್ಲಿ ಸೂರ್ಯ ನೆತ್ತಿಗೆ ಬರುವುದೂ ಆ ದಿನಗಳ ಸುಮಾರಿಗೇ. ಮಧ್ಯಾಹ್ನ ನೆರಳು ನುಂಗಿದ ಸೂರ್ಯ ಸಂಜೆ ಆ ಮುಖದ ನೇರಕ್ಕೆ ಮುಳುಗುತ್ತಾನೆ. ಮಳೆ ಶುರುವಾಗುವ ಕಾಲದ ಆ ಸಂಜೆಯನ್ನು ನೋಡಲು ಮಾರ್ಚ್ ತಿಂಗಳ ಗುಂಪು ಬರುವುದಿಲ್ಲ.

ಈ ಪಿರಮಿಡ್ಡಿನ ಒಳಗೆ ಇನ್ನೊಂದು ಹಳೇ ಪಿರಮಿಡ್ ಇದೆ. 1930ರ ದಶಕದಲ್ಲಿ ಸುರಂಗ ತೋಡಿದಾಗ ಅದರ ಗುಡಿಯಲ್ಲಿ ಕೆಂಪು ಬಳಿದ ಜಾಗ್ವಾರ್ ಆಕಾರದ ಕಲ್ಲಿನ ಪೀಠ ಸಿಕ್ಕಿತು, ಮೈಮೇಲಿನ ಮಚ್ಚೆಗಳಿಗೆ ಹಸಿರು ಜೇಡ್ ಕಲ್ಲು ಕೂರಿಸಿದ್ದರು. ಅದರೊಳಗೆ ಮೂರನೆಯದೊಂದು ಚಿಕ್ಕ ಪಿರಮಿಡ್ ಇರುವುದು 2016ರಲ್ಲಿ ಗೊತ್ತಾಯಿತು. ಹಳೆಯದನ್ನು ಕೆಡವದೆ ಅದರ ಮೇಲೇ ಹೊಸದನ್ನು ಕಟ್ಟುವುದು ಅವರ ರೂಢಿ.

ಯಂತ್ರ ಇಲ್ಲದೆ ಅಳೆದದ್ದು ಹೇಗೆ?

ಅವರಲ್ಲಿ ಕಬ್ಬಿಣದ ಉಳಿ ಇರಲಿಲ್ಲ, ಎತ್ತಿನ ಗಾಡಿ ಇರಲಿಲ್ಲ. ಸುಣ್ಣಕಲ್ಲನ್ನು ಗಟ್ಟಿ ಚಕಮಕಿ ಕಲ್ಲಿನಿಂದಲೇ ಕೆತ್ತಿದರು, ಬೆನ್ನ ಮೇಲೆ ಹೊತ್ತರು, ಅದೇ ಕಲ್ಲು ಸುಟ್ಟು ಗಾರೆ ಮಾಡಿದರು. ಸೂರ್ಯನ ದಿಕ್ಕು ಹಿಡಿಯಲು ಇವೆಲ್ಲ ಬೇಕಾಗಿಯೂ ಇಲ್ಲ. ಒಂದು ಜಾಗದಲ್ಲಿ ಕೋಲು ನೆಟ್ಟು ದಿನಾ ಅಲ್ಲೇ ನಿಂತು, ಸೂರ್ಯ ಹುಟ್ಟಿದ ನೇರಕ್ಕೆ ದೂರದಲ್ಲಿ ಇನ್ನೊಂದು ಕೋಲು ನೆಡುತ್ತಾ ಹೋದರೆ ಒಂದೆರಡು ವರ್ಷದಲ್ಲಿ ಸೂರ್ಯನ ಎರಡೂ ಕೊನೆ ಸಿಗುತ್ತದೆ. ನೆರೆಯ ಜನರ ಹಳೇ ಚಿತ್ರಪುಸ್ತಕಗಳಲ್ಲಿ ಎರಡು ಕೋಲುಗಳನ್ನು ಕತ್ತರಿಯ ಹಾಗೆ ಅಡ್ಡ ಹಿಡಿದು, ಆ ಸಂದಿನಿಂದ ನೋಡುವ ಕಣ್ಣನ್ನು ಬಿಡಿಸಿದ್ದಾರೆ.

ಎಲ್ಲ ಕಟ್ಟಡವೂ ಸೂರ್ಯನಿಗೇ ಅಂತಲ್ಲ. ಉಷ್ಮಾಲ್‌ನ ಅರಮನೆಯ ದಿಕ್ಕನ್ನು ಶುಕ್ರ ಗ್ರಹಕ್ಕೆ ಹೊಂದಿಸುತ್ತಾರೆ. ಶುಕ್ರನ 584 ದಿನದ ಸುತ್ತಿನ ಲೆಕ್ಕ ಅವರ ತೊಗಟೆ ಕಾಗದದ ಪುಸ್ತಕದಲ್ಲೇ ಉಳಿದಿದೆ. ಇನ್ನು 2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ನಮ್ಮ ಟಿವಿಗಳಲ್ಲೂ ಬಂದಿತ್ತಲ್ಲ, ಅದು ಕ್ರಿ.ಪೂ. 3114ರ ಆಗಸ್ಟಿನಿಂದ ಎಣಿಸುತ್ತಾ ಬಂದ ಅವರ ಉದ್ದ ಲೆಕ್ಕದ ಒಂದು ಘಟ್ಟ ಮುಗಿದ ದಿನ. ಗಾಡಿಯ ಮೀಟರಿನಲ್ಲಿ 99,999 ಆದ ಮೇಲೆ ಸೊನ್ನೆಗಳು ಬಂದ ಹಾಗೆ. ಮಾರನೆಯ ದಿನ ಎಣಿಕೆ ಮುಂದುವರಿಯಿತು.

ಈಗಲೂ ಎಣಿಸುವವರು

ಮಾಯಾ ಜನ ಕಣ್ಮರೆಯಾದರು ಅಂತ ಎಷ್ಟೋ ಕಡೆ ಬರೆಯುತ್ತಾರೆ, ಅದು ತಪ್ಪು. ಗ್ವಾಟೆಮಾಲಾ ಒಂದರಲ್ಲೇ ಇವತ್ತು 60 ಲಕ್ಷದಷ್ಟು ಮಾಯಾ ಜನ ಇದ್ದಾರೆ, ತಮ್ಮ ಭಾಷೆಗಳನ್ನು ಆಡುತ್ತಿದ್ದಾರೆ. ಅಲ್ಲಿಯ ಗುಡ್ಡಗಾಡಿನಲ್ಲಿ ಕಿಚೇ ಅನ್ನುವ ಮಾಯಾ ಪಂಗಡದವರ ಊರುಗಳಲ್ಲಿ 260 ದಿನದ ಲೆಕ್ಕ ಇಡುವವರು ಇನ್ನೂ ಇದ್ದಾರೆ. ಅವರನ್ನು ‘ಅಹ್ ಕೀಹ್’ ಅನ್ನುತ್ತಾರೆ. ಕೀಹ್ ಅನ್ನುವುದು ಕಿನ್ ಪದದ ಕಿಚೇ ರೂಪ, ಇಲ್ಲೂ ಅದಕ್ಕೆ ಸೂರ್ಯ, ದಿನ ಎರಡೂ ಅರ್ಥ. ಕನ್ನಡದಲ್ಲಿ ಹೇಳುವುದಾದರೆ ಹೊತ್ತಿನವರು. ‘8 ಬಾತ್ಸ್’ ಅನ್ನುವ ದಿನ ಬಂದಾಗ, ಅಂದರೆ 260 ದಿನಕ್ಕೊಮ್ಮೆ, ಇವರು ಸೇರಿ ಬೆಂಕಿ ಹಾಕಿ ಪೂಜೆ ಮಾಡುತ್ತಾರೆ. ಉಳಿದ ದಿನಗಳಲ್ಲಿ ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಬಟ್ಟೆ ಹಾಸಿ, ಚೀಲದಿಂದ ಒಂದು ಹಿಡಿ ಕೆಂಪು ಬೀಜ ಸುರಿಯುತ್ತಾರೆ. ನಮ್ಮ ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಬಳಗದ್ದೇ ಒಂದು ಮರದ ಬೀಜ ಅವು. ಸಣ್ಣ ಸಣ್ಣ ಗುಡ್ಡೆ ಮಾಡಿ, ಒಂದೊಂದು ಗುಡ್ಡೆಗೂ ಒಂದೊಂದು ದಿನದ ಹೆಸರು ಹೇಳುತ್ತಾ ಎಣಿಸಿಕೊಂಡು ಹೋಗುತ್ತಾರೆ.